ಶಾಲಾ ರಸಪ್ರಶ್ನೆ ಪಂದ್ಯಾವಳಿ: ಡ್ರಾ, ಗುಂಪು ಮತ್ತು ಸುತ್ತುಗಳನ್ನು ನ್ಯಾಯವಾಗಿ ಹೊಂದಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಾನು ನಡೆಸಿಕೊಟ್ಟ ಪ್ರೌಢಶಾಲಾ ಮಟ್ಟದ ರಸಪ್ರಶ್ನೆಯೊಂದಕ್ಕೆ 13 ತಂಡಗಳು ಬಂದಿದ್ದವು. ನಾಕೌಟ್ ಪದ್ಧತಿ ಎಂದು ಮೊದಲೇ ತೀರ್ಮಾನವಾಗಿದ್ದರಿಂದ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದೆವು. ಮೂರು ತಂಡಗಳಿಗೆ ಬೈ, ಅಂದರೆ ಮೊದಲ ಸುತ್ತು ಆಡದೆಯೇ ಎರಡನೆಯ ಸುತ್ತಿಗೆ ಹೋಗುವ ಅವಕಾಶ, ಸಿಕ್ಕಿತು. ಅಂದು ಬಂದವರಲ್ಲಿ ಅತ್ಯಂತ ಬಲವಾಗಿದ್ದ ಎರಡು ತಂಡಗಳು ಮೊದಲ ಸುತ್ತಿನಲ್ಲೇ ಎದುರುಬದುರಾದವು. ಐದು ಅಂಕಗಳಿಂದ ಸೋತ ತಂಡದ ಇಬ್ಬರು ಹುಡುಗಿಯರು ತಮ್ಮ ಊರಿನ ಮೊದಲ ಬಸ್ಸು ಹಿಡಿದು ಬಂದವರು. ಹತ್ತೂವರೆಗೆ ಅವರ ಸ್ಪರ್ಧೆ ಮುಗಿದುಹೋಗಿತ್ತು. ಒಬ್ಬಳು ನೋಟ್‌ಬುಕ್ಕನ್ನು ಮಡಿಲಲ್ಲಿಟ್ಟುಕೊಂಡು, "ಸರ್, ನಮಗೆ ಇನ್ನೊಂದು ರೌಂಡ್ ಇಲ್ವಾ?" ಎಂದು ಕೇಳಿದಳು. ಇರಲಿಲ್ಲ. ಸಂಜೆ ದ್ವಿತೀಯ ಸ್ಥಾನ ಪಡೆದು ಮುಂದಿನ ಹಂತಕ್ಕೆ ಆಯ್ಕೆಯಾದದ್ದು ಬೈ ಸಿಕ್ಕಿದ್ದ, ಎರಡೇ ಪಂದ್ಯ ಗೆದ್ದು ಫೈನಲ್ ತಲುಪಿದ್ದ ತಂಡ. ಯಾರೂ ಮೋಸ ಮಾಡಿರಲಿಲ್ಲ, ಎಲ್ಲವೂ ನಿಯಮದಂತೆಯೇ ನಡೆದಿತ್ತು. ತಪ್ಪು ನಿಯಮದಲ್ಲೇ ಇತ್ತು, ಮತ್ತು ಆ ನಿಯಮವನ್ನು ಆರಿಸಿದವನು ನಾನು.

ಆ ದಿನದ ನಂತರ ಪಂದ್ಯಾವಳಿಯ ಪದ್ಧತಿಗಳ ಬಗ್ಗೆ ಗಮನವಿಟ್ಟು ಓದಲು, ಲೆಕ್ಕ ಹಾಕಲು ತೊಡಗಿದೆ. ನನಗೆ ಸ್ಪಷ್ಟವಾದ ಸಂಗತಿ ಇಷ್ಟು: ಮೊದಲ ಸ್ಥಾನ ಯಾವ ಪದ್ಧತಿಯಲ್ಲಿಯೂ ಹೆಚ್ಚುಕಡಿಮೆ ಸರಿಯಾದ ತಂಡಕ್ಕೇ ಹೋಗುತ್ತದೆ. ಅನ್ಯಾಯವಾಗುವುದು ಎರಡನೆಯ, ಮೂರನೆಯ, ಆರನೆಯ ಸ್ಥಾನಕ್ಕೆ ಅರ್ಹರಾದ ಮಕ್ಕಳಿಗೆ. ಕ್ಲಸ್ಟರ್‌ನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ತಂಡಗಳನ್ನು ಆರಿಸಿ ಕಳಿಸುವ ನಮ್ಮ ವ್ಯವಸ್ಥೆಯಲ್ಲಿ ಒಂದಕ್ಕಿಂತ ಹೆಚ್ಚು ತಂಡ ಮುಂದೆ ಹೋಗುವುದಿದ್ದರೆ ಈ ಸ್ಥಾನಗಳಿಗೂ ಮೊದಲ ಸ್ಥಾನದಷ್ಟೇ ಬೆಲೆಯಿದೆ. ಆದ್ದರಿಂದ ಪದ್ಧತಿಯನ್ನು ಆರಿಸುವಾಗ ವಿಜೇತರನ್ನು ಮಾತ್ರ ನೆನೆಯದೆ, ಸೋಲುವ ತಂಡಕ್ಕೆ ತಾನು ಸಾಕಷ್ಟು ಪ್ರಶ್ನೆಗಳನ್ನು ಎದುರಿಸಿದ ಮೇಲೆಯೇ ಸೋತೆನೆಂಬ ಸಮಾಧಾನ ಸಿಗುತ್ತದೆಯೇ ಎಂದು ನೋಡಬೇಕು.

ನಾಕೌಟ್ ಎಲ್ಲಿ ಎಡವುತ್ತದೆ

ನಾಕೌಟ್ ಪದ್ಧತಿಯ ಆಕರ್ಷಣೆ ಅದರ ಸರಳತೆ. 16 ತಂಡಗಳಿದ್ದರೆ 15 ಪಂದ್ಯಗಳು ಸಾಕು, ಏಕೆಂದರೆ ಪ್ರತಿ ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ ಮತ್ತು ಕೊನೆಗೆ ಒಂದೇ ತಂಡ ಉಳಿಯಬೇಕು. ಆದರೆ ಇದೇ ಕಾರಣಕ್ಕೆ ಅರ್ಧದಷ್ಟು ಮಕ್ಕಳು ಒಂದೇ ಪಂದ್ಯ ಆಡಿ ಹೊರಡುತ್ತಾರೆ. ಇನ್ನೊಂದು ಲೆಕ್ಕ ಇದಕ್ಕಿಂತ ಕಳವಳಕಾರಿಯಾದದ್ದು. ಬಲವಾದ ತಂಡ ಯಾವಾಗಲೂ ಗೆಲ್ಲುತ್ತದೆ ಎಂದೇ ಇಟ್ಟುಕೊಳ್ಳೋಣ. ಚೀಟಿ ಎತ್ತಿ 16 ತಂಡಗಳ ಪಟ್ಟಿ ಮಾಡಿದಾಗ ಅತ್ಯುತ್ತಮ ತಂಡ ಪಟ್ಟಿಯ ಒಂದು ಅರ್ಧದಲ್ಲಿ ಕುಳಿತಿರುತ್ತದೆ. ಉಳಿದ 15 ಜಾಗಗಳಲ್ಲಿ 8 ಮಾತ್ರ ಇನ್ನೊಂದು ಅರ್ಧದಲ್ಲಿವೆ. ಎರಡನೆಯ ಅತ್ಯುತ್ತಮ ತಂಡ ಆ 8 ಜಾಗಗಳಲ್ಲಿ ಒಂದಕ್ಕೆ ಬಿದ್ದರೆ ಮಾತ್ರ ಫೈನಲ್ ತಲುಪುತ್ತದೆ. ಅಂದರೆ 15ರಲ್ಲಿ 8ರಷ್ಟು, ಅರ್ಧಕ್ಕಿಂತ ತುಸು ಹೆಚ್ಚು ಸಂಭವ ಅಷ್ಟೇ. ಯಾವುದೇ ಆಕಸ್ಮಿಕ ಫಲಿತಾಂಶ ಇಲ್ಲದೆಯೂ ಹತ್ತಿರಹತ್ತಿರ ಅರ್ಧದಷ್ಟು ಸಲ ದ್ವಿತೀಯ ಬಹುಮಾನ ತಪ್ಪು ಕೈ ಸೇರುತ್ತದೆ.

ಸಮಯ ಇಲ್ಲದೆ ನಾಕೌಟ್ ಮಾಡಲೇಬೇಕಾದ ಸಂದರ್ಭಗಳೂ ಇವೆ. ಆಗ ಚೀಟಿಯನ್ನು ನಂಬದೆ, ಒಂದು ಸಣ್ಣ ಲಿಖಿತ ಪರೀಕ್ಷೆಯ ಅಂಕಗಳ ಆಧಾರದ ಮೇಲೆ ತಂಡಗಳಿಗೆ ಕ್ರಮಾಂಕ ಕೊಡಬೇಕು. ಎಂಟು ತಂಡಗಳಾದರೆ ಮೇಲಿನ ಅರ್ಧದಲ್ಲಿ 1ಕ್ಕೆ 8, 4ಕ್ಕೆ 5. ಕೆಳಗಿನ ಅರ್ಧದಲ್ಲಿ 2ಕ್ಕೆ 7, 3ಕ್ಕೆ 6 ಎಂದು ಎದುರಾಳಿಗಳನ್ನು ಹಾಕಿದರೆ ಮೊದಲೆರಡು ಕ್ರಮಾಂಕದವರು ಫೈನಲ್‌ಗೆ ಮುಂಚೆ ಭೇಟಿಯಾಗುವುದಿಲ್ಲ. ತಂಡಗಳ ಸಂಖ್ಯೆ 8 ಅಥವಾ 16 ಆಗಿರದಿದ್ದರೆ ಮುಂದಿನ ಅಂಥ ಸಂಖ್ಯೆಗೆ ಎಷ್ಟು ಕಡಿಮೆಯೋ ಅಷ್ಟು ಬೈಗಳು ಬೇಕಾಗುತ್ತವೆ. 13ಕ್ಕೆ 3, 11ಕ್ಕೆ 5. ಅವು ಮೇಲಿನ ಕ್ರಮಾಂಕದವರಿಗೆ ಅವರ ಲಿಖಿತ ಅಂಕಗಳ ಫಲವಾಗಿ ಸಿಗಬೇಕೇ ಹೊರತು ಅದೃಷ್ಟದಿಂದಲ್ಲ. ಎರಡು ಸಲ ಸೋತ ಮೇಲೆಯೇ ಹೊರಹೋಗುವ ಪದ್ಧತಿ ಇದಕ್ಕಿಂತ ಮೇಲು. ಆದರೆ ಅದರ ವೇಳಾಪಟ್ಟಿ ಉದ್ದವಾಗುತ್ತದೆ, ಪಟ್ಟಿಯನ್ನು ಮಕ್ಕಳಿಗೆ ಅರ್ಥಮಾಡಿಸುವುದೂ ಕಷ್ಟ. ಅಷ್ಟು ಹೊತ್ತು ಇದೆಯೆಂದಾದರೆ ಎಲ್ಲರೂ ಎಲ್ಲರೊಂದಿಗೆ ಆಡುವ ಲೀಗ್ ಮಾಡುವುದೇ ಒಳ್ಳೆಯದು.

ಕೊಠಡಿಗಳಿಂದ ಲೆಕ್ಕ ಆರಂಭಿಸಿ

ಸಂಘಟಕರು ಸಾಮಾನ್ಯವಾಗಿ ಎಷ್ಟು ತಂಡ ಬರುತ್ತವೆ ಎಂಬುದರಿಂದ ಯೋಜನೆ ಆರಂಭಿಸುತ್ತಾರೆ. ನಾನು ಕೊಠಡಿಗಳಿಂದ ಆರಂಭಿಸಲು ಹೇಳುತ್ತೇನೆ. ನಿಮಗೆ ಎಷ್ಟು ತರಗತಿ ಕೋಣೆಗಳು ಸಿಗುತ್ತವೆ, ಸ್ಪಷ್ಟವಾಗಿ ಪ್ರಶ್ನೆ ಓದಬಲ್ಲವರು ಎಷ್ಟು ಜನ ಇದ್ದಾರೆ, ಮಕ್ಕಳ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬ ಮೂರು ಸಂಗತಿಗಳು ಉಳಿದದ್ದನ್ನೆಲ್ಲ ನಿರ್ಧರಿಸುತ್ತವೆ. ಆರು ಕೊಠಡಿಗಳು, ಪ್ರತಿ ಕೊಠಡಿಗೆ ಒಬ್ಬ ಪ್ರಶ್ನೆ ಓದುವವರು ಮತ್ತು ಒಬ್ಬ ಅಂಕ ಬರೆಯುವವರು ಸಿಕ್ಕರೆ 12 ತಂಡಗಳ ಪೂರ್ಣ ಪಂದ್ಯಾವಳಿಯನ್ನು ಒಂದೇ ದಿನದಲ್ಲಿ ಮುಗಿಸಬಹುದು. ಕೆಳಗೆ ವಿವರಿಸುವುದು ಈ ಮಾದರಿಯನ್ನೇ.

ಬೆಳಗ್ಗೆ ಒಂಬತ್ತಕ್ಕೆ ಬಂದ ಎಲ್ಲ ತಂಡಗಳಿಗೂ ಅರ್ಧ ಗಂಟೆಯ ಲಿಖಿತ ಅರ್ಹತಾ ಸುತ್ತು; ಅದರಲ್ಲಿ ಮೊದಲ 12 ಸ್ಥಾನದವರು ಮುಂದಕ್ಕೆ. ಹತ್ತೂವರೆಯಿಂದ ಒಂದರವರೆಗೆ ಅರ್ಧ ಗಂಟೆಗೊಂದರಂತೆ ಐದು ಸುತ್ತು, ಮುಕ್ಕಾಲು ಗಂಟೆ ಊಟ, ಒಂದು ಮುಕ್ಕಾಲರಿಂದ ಮೂರೂ ಕಾಲರವರೆಗೆ ಇನ್ನು ಮೂರು ಸುತ್ತು, ಮೂರೂವರೆಗೆ ಫೈನಲ್. ಪ್ರತಿ ಪಂದ್ಯಕ್ಕೆ 20 ಪ್ರಶ್ನೆ. ಒಂದು ಪ್ರಶ್ನೆಗೆ ಒಂದು ನಿಮಿಷ ಹಿಡಿದರೂ ಅಂಕಪಟ್ಟಿಗೆ ಸಹಿ ಹಾಕಿಸಲು, ಕೊಠಡಿ ಬದಲಿಸಲು, ನೀರು ಕುಡಿಯಲು ಹತ್ತು ನಿಮಿಷ ಉಳಿಯುತ್ತದೆ. ಈ ಹತ್ತು ನಿಮಿಷವನ್ನು ಉಳಿಸಲು ಹೋದವರ ಕಾರ್ಯಕ್ರಮವೇ ಎರಡು ಗಂಟೆ ತಡವಾಗುವುದನ್ನು ನೋಡಿದ್ದೇನೆ.

ಒಂದು ಸುತ್ತಿನಲ್ಲಿ ಎಲ್ಲ ಕೊಠಡಿಗಳಲ್ಲೂ ಒಂದೇ ಪ್ರಶ್ನೆ ಕಟ್ಟನ್ನು ಏಕಕಾಲಕ್ಕೆ ಓದಬೇಕು. ಇಡೀ ವ್ಯವಸ್ಥೆಯ ಬೆನ್ನೆಲುಬು ಇದೇ. ಒಂದು ಕೊಠಡಿಗೆ ಸುಲಭದ ಕಟ್ಟು, ಇನ್ನೊಂದಕ್ಕೆ ಕಠಿಣದ ಕಟ್ಟು ಹೋದರೆ ಎಷ್ಟೇ ನಾಜೂಕಾದ ಗುಂಪು ವಿಂಗಡಣೆ ಮಾಡಿದರೂ ಪ್ರಯೋಜನವಿಲ್ಲ. ಕಟ್ಟೊಂದಕ್ಕೆ 20 ಪ್ರಶ್ನೆಯ ಜೊತೆ ರದ್ದಾದ ಪ್ರಶ್ನೆಗಳಿಗೆ ಮತ್ತು ಸಮಬಲಕ್ಕೆ ನಾಲ್ಕು ಹೆಚ್ಚುವರಿ ಇಟ್ಟುಕೊಳ್ಳಿ. ಎಂಟು ಸುತ್ತಿಗೆ ಎಂಟು ಕಟ್ಟು, ಫೈನಲ್‌ಗೆ ಮತ್ತು ಆಪತ್ತಿಗೆ ಇನ್ನೆರಡು. ಒಟ್ಟು 240 ಪ್ರಶ್ನೆಗಳು. ಪ್ರತಿ ಕಟ್ಟಿನಲ್ಲೂ ವಿಷಯಗಳ ಪಾಲು ಒಂದೇ ಆಗಿರಬೇಕು: ನಾನು ಕನ್ನಡ ನಾಡಿನ ಇತಿಹಾಸ-ಸಾಹಿತ್ಯಕ್ಕೆ ನಾಲ್ಕು, ದೇಶ-ವಿದೇಶಗಳ ಇತಿಹಾಸ-ಭೂಗೋಳಕ್ಕೆ ನಾಲ್ಕು, ವಿಜ್ಞಾನ-ಗಣಿತಕ್ಕೆ ಐದು, ಪ್ರಚಲಿತಕ್ಕೆ ಮೂರು, ಕ್ರೀಡೆಗೆ ಎರಡು, ಕಲೆ-ಸಿನಿಮಾಕ್ಕೆ ಎರಡು ಎಂದು ಹಂಚುತ್ತೇನೆ. ಮೂರನೆಯ ಕಟ್ಟಿನಲ್ಲಿ ಕ್ರಿಕೆಟ್ಟೇ ತುಂಬಿದ್ದರೆ ಆ ಸುತ್ತಿನಲ್ಲಿ ಗೆದ್ದವರು ಗೆದ್ದದ್ದು ಕ್ರಿಕೆಟ್‌ನಲ್ಲಿ, ರಸಪ್ರಶ್ನೆಯಲ್ಲಲ್ಲ.

ಲಿಖಿತ ಸುತ್ತು 25 ಪ್ರಶ್ನೆಗಳದ್ದಾಗಿರಲಿ, ಅದರಲ್ಲಿ ಐದಕ್ಕೆ ನಕ್ಷತ್ರ ಚಿಹ್ನೆ ಇರಲಿ. ಅಂಕ ಸಮವಾದಾಗ ನಕ್ಷತ್ರದ ಪ್ರಶ್ನೆಗಳಲ್ಲಿ ಹೆಚ್ಚು ಸರಿ ಮಾಡಿದವರು ಮುಂದೆ; ಅದೂ ಸಮವಾದರೆ ಮೊದಲ ಪ್ರಶ್ನೆಯಿಂದ ಆರಂಭಿಸಿ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಮಾಡಿದ ಮೊದಲ ಪ್ರಶ್ನೆಯಲ್ಲಿ ಯಾರು ಸರಿಯೋ ಅವರು ಮುಂದೆ. ಕಠಿಣತೆಯ ಅಳತೆ ಇಲ್ಲಿ ಬಹಳ ಮುಖ್ಯ. ಹತ್ತು ತಂಡಗಳು 22 ಅಂಕ ಪಡೆದರೆ ಆ ಪರೀಕ್ಷೆ ಯಾರನ್ನೂ ಬೇರ್ಪಡಿಸಲಿಲ್ಲವೆಂದೇ ಅರ್ಥ. ಹನ್ನೆರಡನೆಯ ಸ್ಥಾನದ ತಂಡ 12-13 ಅಂಕದ ಸುತ್ತಮುತ್ತ ಬರುವಂತೆ ಪ್ರಶ್ನೆ ಇದ್ದರೆ ಕ್ರಮಾಂಕಗಳಿಗೆ ಬೆಲೆ ಬರುತ್ತದೆ. ಉತ್ತರಪತ್ರಿಕೆಯ ಮೇಲೆ ಶಾಲೆಯ ಹೆಸರು ಬೇಡ, ಸಂಖ್ಯೆ ಮಾತ್ರ ಇರಲಿ. ತಿದ್ದಿದ ಮೇಲೆ ಸರಿ ಉತ್ತರಗಳನ್ನು ಗಟ್ಟಿಯಾಗಿ ಓದಿ, ಎಲ್ಲರ ಅಂಕಗಳನ್ನೂ ಗೋಡೆಗೆ ಅಂಟಿಸಿ.

ಅರ್ಹತೆ ಪಡೆಯದ ತಂಡಗಳ ಗತಿಯೇನು? ಅವರನ್ನು ಪ್ರೇಕ್ಷಕರನ್ನಾಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮುಗಿದ ಸುತ್ತಿನ ಕಟ್ಟನ್ನೇ ಒಂದು ಸುತ್ತು ತಡವಾಗಿ ಸಭಾಂಗಣದಲ್ಲಿ ಓದಿಸಿ, ಎಲ್ಲ ತಂಡಗಳೂ ಸ್ಲೇಟಿನ ಮೇಲೆ ಬಳಪದಲ್ಲಿ ಉತ್ತರ ಬರೆದು ಏಕಕಾಲಕ್ಕೆ ಎತ್ತಿ ತೋರಿಸುವ ಸ್ಪರ್ಧೆ ನಡೆಸಬಹುದು. ಆ ಹೊತ್ತಿಗೆ ಕಟ್ಟು ಎಲ್ಲ ಕೊಠಡಿಗಳಲ್ಲೂ ಬಳಕೆಯಾಗಿ ಮುಗಿದಿರುವುದರಿಂದ ಗುಟ್ಟು ಹೊರಬೀಳುವ ಭಯವಿಲ್ಲ. ಬೇಕಾಗುವುದು ಓದುವವರು ಇನ್ನೊಬ್ಬರು ಮಾತ್ರ. ಈ ಮಕ್ಕಳೂ ಸಂಜೆಯೊಳಗೆ ನೂರಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಎದುರಿಸಿರುತ್ತಾರೆ, ಅವರಲ್ಲೂ ಒಂದು ತಂಡಕ್ಕೆ ಬಹುಮಾನ ಸಿಗುತ್ತದೆ.

ಗುಂಪುಗಳು ಮತ್ತು ವೇಳಾಪಟ್ಟಿ

12 ತಂಡಗಳನ್ನು ಎರಡು ಗುಂಪು ಮಾಡುವಾಗ ಹಾವಿನ ನಡೆಯಂತೆ ಹೋಗಿ ಬರಬೇಕು. ಗುಂಪುಗಳನ್ನು 'ಅ' ಮತ್ತು 'ಆ' ಎಂದು ಕರೆಯೋಣ. ಒಂದನೆಯ ಕ್ರಮಾಂಕ 'ಅ' ಗುಂಪಿಗೆ, 2 ಮತ್ತು 3 'ಆ' ಗುಂಪಿಗೆ, 4 ಮತ್ತು 5 'ಅ' ಗುಂಪಿಗೆ, ಹೀಗೆಯೇ ಮುಂದುವರಿದರೆ 'ಅ' ಗುಂಪಿನಲ್ಲಿ 1, 4, 5, 8, 9, 12. 'ಆ' ಗುಂಪಿನಲ್ಲಿ 2, 3, 6, 7, 10, 11 ಬರುತ್ತವೆ. ಎರಡೂ ಗುಂಪಿನ ಕ್ರಮಾಂಕಗಳ ಮೊತ್ತ 39. ತಂಡಗಳು 24 ಆಗಿ ನಾಲ್ಕು ಗುಂಪು ಮಾಡಬೇಕಾದರೂ ಇದೇ ನಡೆ: ಮೊದಲ ಗುಂಪಿಗೆ 1, 8, 9, 16, 17, 24, ಉಳಿದವಕ್ಕೂ ಹೀಗೆಯೇ, ಪ್ರತಿಯೊಂದರ ಮೊತ್ತ 75. ಬೆಸ ಕ್ರಮಾಂಕದವರು ಒಂದು ಕಡೆ, ಸಮ ಕ್ರಮಾಂಕದವರು ಇನ್ನೊಂದು ಕಡೆ ಎಂದು ಹಂಚುವವರಿದ್ದಾರೆ. ಹಾಗೆ ಮಾಡಿದರೆ 12 ತಂಡಗಳಲ್ಲಿ ಒಂದು ಗುಂಪಿನ ಮೊತ್ತ 36, ಇನ್ನೊಂದರದು 42 ಆಗಿ, ಪ್ರತಿ ಮೆಟ್ಟಿಲಲ್ಲೂ ಒಂದೇ ಗುಂಪಿಗೆ ಬಲವಾದ ತಂಡ ಸೇರುತ್ತದೆ.

ಒಂದೇ ಶಾಲೆಯ ಎರಡು ತಂಡಗಳು ಒಂದೇ ಗುಂಪಿಗೆ ಬಿದ್ದರೆ ಅವುಗಳಲ್ಲಿ ಒಂದನ್ನು ಪಕ್ಕದ ಕ್ರಮಾಂಕದವರೊಂದಿಗೆ ಅದಲುಬದಲು ಮಾಡಬಹುದು. ಅದಕ್ಕಿಂತ ದೂರದ ಬದಲಾವಣೆ ಬೇಡ. ಬೇರ್ಪಡಿಸಲು ಆಗದಿದ್ದರೆ ಆ ಎರಡು ತಂಡಗಳ ಪಂದ್ಯವನ್ನು ಮೊದಲ ಸುತ್ತಿನಲ್ಲೇ ಆಡಿಸಿಬಿಡಿ. ಕೊನೆಯ ಸುತ್ತಿಗೆ ಬಿಟ್ಟರೆ ಒಂದು ತಂಡ ಇನ್ನೊಂದಕ್ಕೆ ದಾರಿ ಬಿಟ್ಟುಕೊಟ್ಟಿತೆಂಬ ಮಾತು ಬರುತ್ತದೆ. ಮಕ್ಕಳನ್ನು ಅಂಥ ಮಾತಿಗೆ ಗುರಿ ಮಾಡಬಾರದು.

ಆರು ತಂಡಗಳ ಗುಂಪಿನಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರೊಂದಿಗೆ ಆಡಲು 15 ಪಂದ್ಯ, ಐದು ಸುತ್ತು. ಗುಂಪಿನೊಳಗಿನ ಬಲದ ಕ್ರಮದಲ್ಲಿ ತಂಡಗಳಿಗೆ 1ರಿಂದ 6ರವರೆಗೆ ಸಂಖ್ಯೆ ಕೊಟ್ಟು, ಒಂದನೆಯದನ್ನು ಕದಲಿಸದೆ ಉಳಿದ ಐದನ್ನು ಗಡಿಯಾರದ ಮುಳ್ಳಿನಂತೆ ಒಂದೊಂದು ಮನೆ ಸರಿಸುತ್ತ ಹೋದರೆ ವೇಳಾಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಮೊದಲ ಸುತ್ತು 1–6, 2–5, 3–4. ಎರಡನೆಯದು 1–5, 6–4, 2–3. ಮೂರನೆಯದು 1–4, 5–3, 6–2. ನಾಲ್ಕನೆಯದು 1–3, 4–2, 5–6. ಐದನೆಯದು 1–2, 3–6, 4–5. ಗುಂಪಿನ ಅತಿ ಬಲಿಷ್ಠ ಜೋಡಿ ಕೊನೆಯ ಸುತ್ತಿನಲ್ಲಿ ಭೇಟಿಯಾಗುವುದು ಈ ಪಟ್ಟಿಯ ಹೆಚ್ಚುಗಾರಿಕೆ. ತಂಡಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಸಂಖ್ಯೆಯನ್ನು ಖಾಲಿ ಬಿಟ್ಟು, ಅದರ ಎದುರಾಳಿಗೆ ಆ ಸುತ್ತು ವಿಶ್ರಾಂತಿ ಎಂದು ಬರೆಯಿರಿ. ಆಗ ಪ್ರತಿ ತಂಡಕ್ಕೂ ಒಂದೇ ಒಂದು ಸಲ ವಿಶ್ರಾಂತಿ ಬರುತ್ತದೆ.

ಊಟದ ನಂತರ ಎರಡೂ ಗುಂಪಿನ ಮೊದಲ ಮೂರು ಸ್ಥಾನದವರು ಸೇರಿ ಮೇಲಿನ ವಿಭಾಗ, ಕೊನೆಯ ಮೂವರು ಸೇರಿ ಕೆಳಗಿನ ವಿಭಾಗ. ಇಲ್ಲಿ ಹಲವರು ಒಂದು ತಪ್ಪು ಮಾಡುತ್ತಾರೆ: ಬೆಳಗಿನ ಫಲಿತಾಂಶಗಳನ್ನೆಲ್ಲ ಅಳಿಸಿ ಸೊನ್ನೆಯಿಂದ ಆರಂಭಿಸುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ಒಂದೇ ಗುಂಪಿನಿಂದ ಬಂದ ಮೂರು ತಂಡಗಳು ಬೆಳಗ್ಗೆಯೇ ಪರಸ್ಪರ ಆಡಿವೆ. ಆ ಎರಡೆರಡು ಫಲಿತಾಂಶಗಳನ್ನು ಹಾಗೆಯೇ ಉಳಿಸಿಕೊಂಡು, ಎದುರು ಗುಂಪಿನ ಮೂವರ ವಿರುದ್ಧ ಮಾತ್ರ ಮಧ್ಯಾಹ್ನ ಆಡಿಸಿದರೆ ಮೂರೇ ಸುತ್ತಿನಲ್ಲಿ ಆರು ತಂಡಗಳ ಪೂರ್ಣ ಲೀಗ್ ಮುಗಿಯುತ್ತದೆ. ಆರನೆಯ ಸುತ್ತಿನಲ್ಲಿ ಅ1–ಆ3, ಅ2–ಆ1, ಅ3–ಆ2. ಏಳನೆಯದರಲ್ಲಿ ಅ1–ಆ2, ಅ2–ಆ3, ಅ3–ಆ1. ಎಂಟನೆಯದರಲ್ಲಿ ಅ1–ಆ1, ಅ2–ಆ2, ಅ3–ಆ3. ಕೆಳಗಿನ ವಿಭಾಗಕ್ಕೂ ಇದೇ ಪಟ್ಟಿ. ಹನ್ನೆರಡನೆಯ ಸ್ಥಾನ ಪಡೆದ ತಂಡವೂ ಎಂಟು ಪಂದ್ಯ ಆಡಿರುತ್ತದೆ, ಮಧ್ಯಾಹ್ನದ ಮೂರು ಪಂದ್ಯಗಳನ್ನು ತನ್ನ ಸರಿಸಮಾನರೊಂದಿಗೆ ಆಡಿರುತ್ತದೆ. ಅಮೆರಿಕದ ಶಾಲಾ-ಕಾಲೇಜುಗಳ ಕ್ವಿಜ್ ಬೌಲ್ (ಎರಡೆರಡು ತಂಡಗಳು ಬಜರ್ ಒತ್ತಿ ಉತ್ತರಿಸುವ ರಸಪ್ರಶ್ನೆ) ಪಂದ್ಯಾವಳಿಗಳಲ್ಲಿ ಬೆಳಗಿನ ಫಲಿತಾಂಶದ ಮೇಲೆ ಹೀಗೆ ಮರುವಿಂಗಡಣೆ ಮಾಡುವುದು ರೂಢಿ, ಮತ್ತು ನಾವು ಅಲ್ಲಿಂದ ತೆಗೆದುಕೊಳ್ಳಬಹುದಾದ ಅತ್ಯುತ್ತಮ ಪಾಠ ಇದೆಂದು ನನ್ನ ಅಭಿಪ್ರಾಯ.

ಸಮಬಲ ಉಂಟಾದಾಗ ಏನು ಮಾಡಬೇಕೆಂಬುದು ಬೆಳಗ್ಗೆಯೇ ಬರವಣಿಗೆಯಲ್ಲಿ ಇರಬೇಕು. ತಂಡಗಳ ಹೆಸರು ಗೊತ್ತಾದ ಮೇಲೆ ಮಾಡಿದ ನಿಯಮ ಎಷ್ಟೇ ಒಳ್ಳೆಯದಾದರೂ ಪಕ್ಷಪಾತದಂತೆ ಕಾಣುತ್ತದೆ. ಮೂರನೆಯ ಮತ್ತು ನಾಲ್ಕನೆಯ ಸ್ಥಾನದ ನಡುವೆ ಸಮಬಲವಾದರೆ, ಅಂದರೆ ಮೇಲಿನ ವಿಭಾಗಕ್ಕೆ ಯಾರು ಹೋಗಬೇಕೆಂಬ ಪ್ರಶ್ನೆ ಬಂದರೆ, ಊಟಕ್ಕೆ ಬಿಡುವ ಮುಂಚೆ ಹತ್ತು ಪ್ರಶ್ನೆಗಳ ಕಿರುಪಂದ್ಯ ಆಡಿಸಿ. ಅದಕ್ಕೂ ಹೊತ್ತಿಲ್ಲದಿದ್ದರೆ ಅವರಿಬ್ಬರ ನಡುವಿನ ಪಂದ್ಯದಲ್ಲಿ ಗೆದ್ದವರು. ಮೂರು ತಂಡಗಳು ಒಂದನ್ನೊಂದು ಸುತ್ತಿಕೊಂಡು ಸೋಲಿಸಿದ್ದರೆ ಗುಂಪಿನ ಎಲ್ಲ ಪಂದ್ಯಗಳ ಒಟ್ಟು ಅಂಕ. ಒಂದೇ ಗುಂಪಿನವರು ಒಂದೇ ಎದುರಾಳಿಗಳನ್ನು, ಒಂದೇ ಕಟ್ಟುಗಳನ್ನು ಎದುರಿಸಿರುವುದರಿಂದ ಈ ಹೋಲಿಕೆ ಸರಿ. ಆದರೆ 'ಅ' ಗುಂಪಿನ ತಂಡದ ಅಂಕವನ್ನು 'ಆ' ಗುಂಪಿನ ತಂಡದ ಅಂಕದೊಂದಿಗೆ ಹೋಲಿಸಬಾರದು. ನಾಣ್ಯ ಚಿಮ್ಮುವುದು ಯಾವ ಹಂತದಲ್ಲಿಯೂ ಬೇಡ.

ಇನ್ನು ಫೈನಲ್. ಮೇಲಿನ ವಿಭಾಗದ ಐದು ಫಲಿತಾಂಶಗಳ ನಂತರ ಒಂದು ತಂಡ ಉಳಿದವರಿಗಿಂತ ಎರಡು ಗೆಲುವು ಮುಂದಿದ್ದರೆ ಅದೇ ವಿಜೇತ, ಫೈನಲ್ ಬೇಕಿಲ್ಲ. ಒಂದೇ ಗೆಲುವು ಮುಂದಿದ್ದರೆ ಫೈನಲ್ ನಡೆಯಲಿ, ಆದರೆ ಎರಡನೆಯ ಸ್ಥಾನದವರು ಪ್ರಶಸ್ತಿ ಪಡೆಯಲು ಎರಡು ಸಲ ಗೆಲ್ಲಬೇಕು, ಮೊದಲ ಸ್ಥಾನದವರಿಗೆ ಒಂದು ಗೆಲುವು ಸಾಕು. ಇಬ್ಬರೂ ಸಮವಾಗಿದ್ದರೆ ಒಂದೇ ಪಂದ್ಯ. ದಿನವಿಡೀ ಸೋಲದ ತಂಡ ಕೊನೆಯ ಇಪ್ಪತ್ತು ನಿಮಿಷದಲ್ಲಿ ಒಮ್ಮೆ ಎಡವಿದ್ದಕ್ಕೆ ಎಲ್ಲವನ್ನೂ ಕಳೆದುಕೊಳ್ಳಬಾರದೆಂಬುದು ಇದರ ಉದ್ದೇಶ. ಮುಖ್ಯ ಅತಿಥಿಗಳು ಬಂದಿದ್ದಾರೆ, ವೇದಿಕೆಯ ಮೇಲೆ ಏನಾದರೂ ನಡೆಯಲೇಬೇಕು ಎಂಬ ಒತ್ತಡ ಬರುತ್ತದೆ. ಆಗ ಕೆಳಗಿನ ವಿಭಾಗದ ಮೊದಲಿಬ್ಬರನ್ನೂ ಕರೆದು ಒಂದು ಪ್ರದರ್ಶನ ಪಂದ್ಯ ಆಡಿಸಬಹುದು. ಅತಿಥಿಗಳಿಗಾಗಿ ಫಲಿತಾಂಶವನ್ನು ಪಣಕ್ಕಿಡಬಾರದು.

ವೇದಿಕೆಯ ಮೇಲೆ ಆರು ತಂಡಗಳು ಇದ್ದಾಗ

ಕೊಠಡಿಗಳಿಲ್ಲ, ಓದುವವರು ಒಬ್ಬರೇ ಎಂಬ ಪರಿಸ್ಥಿತಿಯಲ್ಲಿ ಲಿಖಿತ ಸುತ್ತಿನ ನಂತರ ಆರು ತಂಡಗಳನ್ನು ವೇದಿಕೆಗೆ ಕರೆಯುವ ನಮ್ಮ ಹಳೆಯ ಕ್ರಮವೇ ಗತಿ. 1967ರಲ್ಲಿ ಕಲ್ಕತ್ತದಲ್ಲಿ ನೀಲ್ ಓಬ್ರಿಯನ್ ಆರಂಭಿಸಿದ ಸಾರ್ವಜನಿಕ ಕ್ವಿಜ್‌ಗಳಿಂದ, 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಕ್ವಿಜ್ ಅಸೋಸಿಯೇಷನ್‌ನ ಸ್ಪರ್ಧೆಗಳವರೆಗೆ ವೇದಿಕೆಯ ಕ್ವಿಜ್‌ಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಆದರೆ ಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ನೇರ ಪ್ರಶ್ನೆ–ಪಾಸ್ ಪದ್ಧತಿಯಲ್ಲಿ ಒಂದು ದೋಷವಿದೆ. ಪ್ರಶ್ನೆ ಸರದಿಯಂತೆ ಒಂದೊಂದು ತಂಡಕ್ಕೆ ಹೋಗುತ್ತದೆ, ಗೊತ್ತಿಲ್ಲದಿದ್ದರೆ ಪಕ್ಕದವರಿಗೆ ಪಾಸ್ ಆಗುತ್ತದೆ. ಮುಂದಿನ ನೇರ ಪ್ರಶ್ನೆ ಮಾತ್ರ ಮೊದಲಿನ ಸರದಿಯಂತೆಯೇ. ಹೀಗಾದಾಗ ದುರ್ಬಲ ತಂಡದ ಪಕ್ಕ ಕುಳಿತವರಿಗೆ ತಮ್ಮ ಪಾಲಿನ ಪ್ರಶ್ನೆಗಳಲ್ಲದೆ ಅವರು ಬಿಟ್ಟದ್ದೆಲ್ಲವೂ ಸಿಗುತ್ತದೆ, ಬಲಿಷ್ಠ ತಂಡದ ಪಕ್ಕ ಕುಳಿತವರಿಗೆ ಏನೂ ಸಿಗುವುದಿಲ್ಲ. ಕುರ್ಚಿಯೇ ಅಂಕ ಗಳಿಸಿಕೊಡುತ್ತದೆ.

ಇದಕ್ಕೆ ಇನ್ಫಿನಿಟ್ ಬೌನ್ಸ್ ಎಂಬ ಪದ್ಧತಿ ತಕ್ಕ ಉತ್ತರ. ಒಂದನೆಯ ಪ್ರಶ್ನೆ 1ನೇ ತಂಡದಿಂದ ಆರಂಭವಾಯಿತು, 1 ಮತ್ತು 2 ತಪ್ಪಿದರು, 3ನೇ ತಂಡ ಸರಿ ಹೇಳಿತು ಎಂದಿಟ್ಟುಕೊಳ್ಳಿ. ಮುಂದಿನ ಪ್ರಶ್ನೆ 2ನೇ ತಂಡಕ್ಕೆ ಹೋಗದೆ 4ನೆಯದರಿಂದ ಆರಂಭವಾಗುತ್ತದೆ. ಆರೂ ತಂಡಗಳು ತಪ್ಪಿದರೆ ಸರದಿ ಒಂದು ಸುತ್ತು ಬಂದು, ಆರಂಭಿಸಿದ ತಂಡಕ್ಕೇ ಹೊಸ ಪ್ರಶ್ನೆ ಸಿಗುತ್ತದೆ. ಪ್ರತಿ ಪ್ರಯತ್ನಕ್ಕೂ ಸರದಿ ಒಂದು ಕುರ್ಚಿ ಮುಂದೆ ಸರಿಯುವುದರಿಂದ ಯಾವುದೇ ಹೊತ್ತಿನಲ್ಲಿ ಎರಡು ತಂಡಗಳಿಗೆ ಸಿಕ್ಕ ಅವಕಾಶಗಳ ನಡುವೆ ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಲಾರದು. ಆದರೂ ಒಂದು ಸೂಕ್ಷ್ಮ ಉಳಿಯುತ್ತದೆ: ಬಲಿಷ್ಠ ತಂಡದ ನಂತರ ಕುಳಿತವರಿಗೆ ಹೆಚ್ಚಾಗಿ ಹೊಸ ಪ್ರಶ್ನೆಗಳೂ, ದುರ್ಬಲ ತಂಡದ ನಂತರ ಕುಳಿತವರಿಗೆ ಬೇರೆಯವರು ಬಿಟ್ಟ ಪ್ರಶ್ನೆಗಳೂ ಸಿಗುತ್ತವೆ. ಆದ್ದರಿಂದ ಅರ್ಧ ಪ್ರಶ್ನೆಗಳಾದ ಮೇಲೆ ದಿಕ್ಕನ್ನು ಬದಲಿಸಬೇಕು, ಎಡದಿಂದ ಬಲಕ್ಕೆ ಹೋಗುತ್ತಿದ್ದದ್ದು ಬಲದಿಂದ ಎಡಕ್ಕೆ. ಕಡಿಮೆಯೆಂದರೂ 36 ಪ್ರಶ್ನೆ ಇರಲಿ.

ಇದರೊಂದಿಗೆ ಪೌನ್ಸ್ ಸೇರಿಸಿದರೆ ಯಾವ ತಂಡವೂ ತನಗೆ ಗೊತ್ತಿರುವ ಉತ್ತರವನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿರಬೇಕಾಗಿಲ್ಲ. ಪ್ರಶ್ನೆ ಓದಿದ ಕೂಡಲೇ ಉತ್ತರ ಗೊತ್ತಿರುವವರು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಪೌನ್ಸ್ ಮುಗಿಯಿತು ಎಂದು ಘೋಷಿಸಿದ ಮೇಲೆಯೇ ಸರದಿಯ ತಂಡ ಬಾಯಿ ತೆರೆಯಬೇಕು. ಮಕ್ಕಳಿಗೆ ಸರಿಗೆ 10, ತಪ್ಪಿಗೆ ಕಳೆಯುವುದು 5 ಎಂದಿರಲಿ. ಆಗ ಮೂರರಲ್ಲಿ ಒಂದಕ್ಕಿಂತ ಹೆಚ್ಚು ನಂಬಿಕೆ ಇರುವ ಉತ್ತರವನ್ನು ಬರೆಯುವುದರಿಂದ ಸರಾಸರಿಯಲ್ಲಿ ನಷ್ಟವಿಲ್ಲ. 10 ಕಳೆಯುವುದಾದರೆ ಅರ್ಧಕ್ಕರ್ಧ ನಂಬಿಕೆ ಬೇಕಾಗುತ್ತದೆ. ಹಳ್ಳಿಯಿಂದ ಮೊದಲ ಸಲ ವೇದಿಕೆ ಹತ್ತಿದ ಮಕ್ಕಳು ಹೆದರಿ ಬರೆಯುವುದೇ ಇಲ್ಲ.

ರ‍್ಯಾಪಿಡ್ ಫೈರ್ ಸುತ್ತನ್ನು ಬಿಟ್ಟುಬಿಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಪ್ರತಿ ತಂಡಕ್ಕೂ ಬೇರೆ ಬೇರೆ ಹತ್ತು ಪ್ರಶ್ನೆ ಕೇಳುವಾಗ ಆರು ಪಟ್ಟಿಗಳನ್ನು ಸಮಾನ ಕಠಿಣತೆಯಲ್ಲಿ ಮಾಡಲು ಯಾರಿಂದಲೂ ಆಗುವುದಿಲ್ಲ. ಕೊನೆಯ ಸುತ್ತಿನ ಪ್ರತಿ ಪ್ರಶ್ನೆಗೆ 50 ಅಂಕ ಎಂದು ಇದ್ದಕ್ಕಿದ್ದಂತೆ ಏರಿಸುವುದೂ ಬೇಡ. ಹಿಂದಿನ ಮೂವತ್ತು ಪ್ರಶ್ನೆಗಳಿಗೆ ಮಕ್ಕಳು ಪಟ್ಟ ಶ್ರಮ ಅದರಿಂದ ನೀರುಪಾಲಾಗುತ್ತದೆ.

ಬಜರ್ ಇಟ್ಟು ನಡೆಸುವುದಾದರೆ ಪ್ರಶ್ನೆಯ ರಚನೆಯೇ ಬದಲಾಗಬೇಕು. ಸುಲಭದ ಸುಳಿವು ಮೊದಲೇ ಬಂದರೆ ಗೆಲ್ಲುವುದು ಬೆರಳಿನ ವೇಗ. ಕಠಿಣ ಸುಳಿವಿನಿಂದ ಸುಲಭದ ಕಡೆಗೆ ಇಳಿಯುವಂತೆ ಬರೆಯಿರಿ: "ಗೇರುಸೊಪ್ಪೆ ಎಂಬ ಹೆಸರಿನಿಂದಲೂ ಕರೆಯಲಾಗುವ, ಹತ್ತಿರದಲ್ಲಿ ಮಹಾತ್ಮ ಗಾಂಧಿಯವರ ಹೆಸರಿನ ಜಲವಿದ್ಯುತ್ ಕೇಂದ್ರವಿರುವ, ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಬೇಸಿಗೆಯಲ್ಲಿ ಸೊರಗುವ, ಶರಾವತಿ ನದಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುವ ಈ ಜಲಪಾತ ಯಾವುದು?" ಹೆಚ್ಚು ಓದಿಕೊಂಡವರು ಮೊದಲ ಸಾಲಿನಲ್ಲೇ ಬಜರ್ ಒತ್ತುತ್ತಾರೆ, ಉಳಿದವರಿಗೂ ಕೊನೆಯ ಸಾಲಿನವರೆಗೆ ಅವಕಾಶ ಉಳಿದಿರುತ್ತದೆ. ಬಜರ್ ಇಲ್ಲದ ಶಾಲೆಗಳಲ್ಲಿ ಎರಡು ತಂಡಗಳ ಪಂದ್ಯಕ್ಕೆ ಸ್ಲೇಟು-ಬಳಪವೇ ಸಾಕು. ಇಬ್ಬರೂ ಪ್ರತಿ ಪ್ರಶ್ನೆಗೂ ಉತ್ತರ ಬರೆಯುವುದರಿಂದ ವೇಗದ ಪ್ರಶ್ನೆಯೇ ಬರುವುದಿಲ್ಲ. ಕೊಠಡಿ ಪಂದ್ಯಗಳಿಗೆ ನನ್ನ ಆಯ್ಕೆ ಇದೇ.

ಭಾಷೆ ಮತ್ತು ಆಕ್ಷೇಪಣೆ

ಕನ್ನಡ ಮಾಧ್ಯಮದವರೂ ಇಂಗ್ಲಿಷ್ ಮಾಧ್ಯಮದವರೂ ಒಟ್ಟಿಗೆ ಕುಳಿತಾಗ ಪ್ರಶ್ನೆಯನ್ನು ಎರಡೂ ಭಾಷೆಗಳಲ್ಲಿ ಓದಿದರೆ ಸಾಲದು, ಎರಡರಲ್ಲೂ ಅದು ಅಷ್ಟೇ ಕಠಿಣವಾಗಿದೆಯೇ ಎಂದು ನೋಡಬೇಕು. "ಗ್ರೀಕ್ ಭಾಷೆಯಲ್ಲಿ ನೀರನ್ನು ಹುಟ್ಟಿಸುವುದು ಎಂಬ ಅರ್ಥದ ಹೆಸರುಳ್ಳ ಮೂಲವಸ್ತು ಯಾವುದು?" ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಒಳ್ಳೆಯ ಪ್ರಶ್ನೆ; ಕನ್ನಡದಲ್ಲಿ ಜಲಜನಕ ಎಂಬ ಪದವೇ ಉತ್ತರವನ್ನು ಹೇಳಿಬಿಡುತ್ತದೆ. ಇಂಥ ಪ್ರಶ್ನೆಯನ್ನು ಕೈಬಿಡುವುದೇ ಸರಿ. ಎರಡು ಭಾಷೆಯ ಓದು ಮುಗಿಯುವವರೆಗೆ ಯಾರೂ ಉತ್ತರಿಸುವಂತಿಲ್ಲ ಎಂಬ ನಿಯಮವೂ ಬೇಕು. ಇಲ್ಲವಾದರೆ ಮೊದಲು ಓದಿದ ಭಾಷೆಯವರು ಸದಾ ಒಂದು ಹೆಜ್ಜೆ ಮುಂದಿರುತ್ತಾರೆ.

ಉತ್ತರಗಳನ್ನು ದಿನಾಂಕದೊಂದಿಗೆ ಪರಿಶೀಲಿಸಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದ ಮೇಲೆ ಕರ್ನಾಟಕದ ಜಿಲ್ಲೆಗಳು 31. ಹಳೆಯ ಪುಸ್ತಕ ಓದಿ ಬಂದ ಮಗು 30 ಎನ್ನುತ್ತದೆ. ಇಲ್ಲಿ ತಪ್ಪು ಮಗುವಿನದೇ ಎಂದು ಹೇಳಬಹುದು. ಆದರೆ "ಕರ್ನಾಟಕ ಯಾವಾಗ ಉದಯವಾಯಿತು?" ಎಂದು ಕೇಳಿದರೆ ತಪ್ಪು ನಮ್ಮದು. ಏಕೀಕರಣಗೊಂಡ ರಾಜ್ಯ 1956ರಲ್ಲಿ ಮೈಸೂರು ಎಂಬ ಹೆಸರಿನಿಂದ ಬಂತು, ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಏನನ್ನು ಕೇಳುತ್ತಿದ್ದೇವೆ ಎಂದು ಪ್ರಶ್ನೆಯೇ ಹೇಳಬೇಕು. ಪ್ರತಿ ಉತ್ತರದ ಪಕ್ಕದಲ್ಲಿ ಒಪ್ಪಬಹುದಾದ ಇತರ ರೂಪಗಳನ್ನೂ ಬರೆದಿಡಿ, ಆಗ ಆರು ಕೊಠಡಿಗಳಲ್ಲಿ ಆರು ರೀತಿಯ ತೀರ್ಪು ಬರುವುದಿಲ್ಲ.

ಆಕ್ಷೇಪಣೆ ಕೇಳಲು ಸ್ಪರ್ಧಿಸುವ ಯಾವ ಶಾಲೆಗೂ ಸೇರದ ಇಬ್ಬರನ್ನು ನೇಮಿಸಿ. ಆಕ್ಷೇಪಣೆಯನ್ನು ಮಕ್ಕಳೇ ಮಾಡಬೇಕು, ಜೊತೆಗೆ ಬಂದ ಶಿಕ್ಷಕರಲ್ಲ. ಮುಂದಿನ ಪ್ರಶ್ನೆ ಓದುವ ಮೊದಲು ಒಂದು ವಾಕ್ಯದಲ್ಲಿ ಹೇಳಿದರೆ ಅಂಕ ಬರೆಯುವವರು ಅದನ್ನು ಹಾಳೆಯ ಅಂಚಿನಲ್ಲಿ ಗುರುತು ಮಾಡಿಕೊಂಡು ಪಂದ್ಯ ಮುಂದುವರಿಸುತ್ತಾರೆ. ಪಂದ್ಯ ಮುಗಿದಾಗ ಆ ಅಂಕಗಳಿಂದ ಗೆಲುವು-ಸೋಲು ಬದಲಾಗುವಂತಿದ್ದರೆ ಮಾತ್ರ ಅದನ್ನು ತೀರ್ಮಾನಕ್ಕೆ ಕಳಿಸಬೇಕು. ಬಹುಪಾಲು ಆಕ್ಷೇಪಣೆಗಳು ಇಲ್ಲಿಗೇ ತೀರುತ್ತವೆ. ಬದಲಾಗುವಂತಿದ್ದು ಆಕ್ಷೇಪಣೆ ಸರಿಯೆಂದು ಕಂಡುಬಂದರೆ ಆ ಪ್ರಶ್ನೆಯನ್ನು ರದ್ದುಮಾಡಿ, ಹೆಚ್ಚುವರಿ ಇಟ್ಟುಕೊಂಡ ನಾಲ್ಕರಲ್ಲಿ ಮುಂದಿನದನ್ನು ಎರಡೂ ತಂಡಗಳಿಗೆ ಓದಬೇಕು.

ಪ್ರತಿ ಸುತ್ತಿನ ನಂತರ ಅಂಕಪಟ್ಟಿಯ ಮೇಲೆ ಎರಡೂ ತಂಡದ ನಾಯಕರ ಸಹಿ ಇರಲಿ, ಮತ್ತು ಅದು ಹತ್ತು ನಿಮಿಷದೊಳಗೆ ಸೂಚನಾ ಫಲಕಕ್ಕೆ ಹೋಗಲಿ. ಬಹುಮಾನ ವಿತರಣೆಗೆ ಮುನ್ನ 12 ತಂಡಗಳ ಪೂರ್ಣ ಸ್ಥಾನಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ. ಮಕ್ಕಳು ಬಸ್ಸಿಗೆ ಹೊರಡುವಾಗ ಪ್ರತಿ ಶಾಲೆಗೂ ಆ ದಿನ ಬಳಸಿದ ಕಟ್ಟುಗಳ ಒಂದೊಂದು ಪ್ರತಿಯನ್ನು ಉತ್ತರಗಳೊಂದಿಗೆ ಕೊಟ್ಟುಕಳಿಸಿ. ಜೆರಾಕ್ಸ್ ಖರ್ಚನ್ನು ಮೊದಲೇ ಆಯವ್ಯಯದಲ್ಲಿ ಸೇರಿಸಿಕೊಂಡಿರಬೇಕು.